ಮರಳುಗುಡ್ಡದ ಹೂವು, ಒಣಗಿದ ಹಾಳೆಗಳು

ಹರ್ಬೇರಿಯಂ ಅಂದರೆ ಒಣಗಿಸಿದ ಗಿಡಗಳ ಸಂಗ್ರಹ. ಅಲ್ಲಿನ ಹಾಳೆ ನೋಡಲು ಅಂಥ ಚೆಂದದ ವಸ್ತುವೇನಲ್ಲ. ಒಂದು ದಪ್ಪ ಬಿಳಿ ಕಾಗದ, ಅದರ ಮೇಲೆ ಒತ್ತಿ ಒಣಗಿಸಿ ಅಂಟಿಸಿದ ಗಿಡ, ಮೂಲೆಯಲ್ಲಿ ಒಂದು ಲೇಬಲ್. ಎಲೆಯ ಹಸಿರು ಹೋಗಿ ಕಂದು ಬಂದಿರುತ್ತದೆ. ಎಸಳು ಎಲ್ಲಿ ಮುಗಿಯಿತು, ಕಾಗದ ಎಲ್ಲಿ ಶುರುವಾಯಿತು ಅಂತ ಕಣ್ಣು ಕಿರಿದು ಮಾಡಿ ನೋಡಬೇಕು. ಆದರೂ ರಾತ್ರಿ ಊಟ ಆದಮೇಲೆ ಮನೆಯವರು ಸೀರಿಯಲ್ ಹಾಕಿಕೊಂಡಾಗ ನಾನು ಲ್ಯಾಪ್‌ಟಾಪ್ ತೆರೆದು ಇಂಥ ಹಾಳೆಗಳನ್ನೇ ನೋಡುತ್ತ ಕೂರುತ್ತೇನೆ. ನಾನಿರುವುದು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಲಿನ ಊರೊಂದರಲ್ಲಿ. ಇಲ್ಲಿನ ಎಷ್ಟೋ ಕನ್ನಡಿಗರ ಹಾಗೆ ಹೊಟ್ಟೆಪಾಡು ಸಾಫ್ಟ್‌ವೇರ್. ಸಸ್ಯಶಾಸ್ತ್ರ ಓದಿದವನಲ್ಲ. ಆದರೆ ಕ್ಯಾಲಿಫೋರ್ನಿಯಾದ ಹರ್ಬೇರಿಯಂಗಳು ಒಟ್ಟು ಸೇರಿ ತಮ್ಮ ದಾಖಲೆಗಳನ್ನು ಆನ್‌ಲೈನ್‌ನಲ್ಲಿ ಇಟ್ಟಿವೆ. ಗಿಡದ ಹೆಸರು ಹಾಕಿದರೆ ಸಾಕು. ಯಾರು ಕಿತ್ತರು, ಯಾವಾಗ, ಎಲ್ಲಿ, ಈಗ ಆ ಹಾಳೆ ಯಾವ ಕಪಾಟಿನಲ್ಲಿದೆ ಅನ್ನುವುದೆಲ್ಲ ಸಾಲುಸಾಲಾಗಿ ಬಂದು ನಿಲ್ಲುತ್ತದೆ.

ಇತ್ತೀಚೆಗೆ ನಾನು ಬೆನ್ನು ಹತ್ತಿರುವುದು ಒಂದೇ ಗಿಡವನ್ನು. ಇಂಗ್ಲಿಷಿನಲ್ಲಿ ಅದಕ್ಕೆ ಆಂಟಿಯಾಕ್ ಡ್ಯೂನ್ಸ್ ಈವನಿಂಗ್ ಪ್ರಿಮ್‌ರೋಸ್ ಅನ್ನುತ್ತಾರೆ. ವಿಜ್ಞಾನದ ಹೆಸರು ಈನೊಥೆರಾ ಡೆಲ್ಟಾಯ್ಡಿಸ್, ಅದರೊಳಗೆ ಹೊವೆಲಿಯೈ ಅನ್ನುವ ಉಪಪ್ರಭೇದ. ಸಂಜೆ ಹೊತ್ತಿಗೆ ಬಿಚ್ಚಿಕೊಳ್ಳುವ ಬಿಳಿ ಹೂವು. ನಾಲ್ಕೇ ಎಸಳು, ಎರಡು ಮೂರು ಇಂಚು ಅಗಲ, ನಡುವೆ ಹಳದಿ. ರಾತ್ರಿಯೆಲ್ಲ ಅರಳಿರುತ್ತದೆ. ಮರುದಿನ ಬಿಸಿಲೇರುವ ಹೊತ್ತಿಗೆ ಗುಲಾಬಿ ಬಣ್ಣಕ್ಕೆ ತಿರುಗಿ ಮುದುಡುತ್ತದೆ. ಎಲೆ ಬೂದು ಹಸಿರು. ಗಿಡ ಸತ್ತಮೇಲೆ ಅದರ ಕವಲುಗಳು ಮೇಲಕ್ಕೆ ಬಾಗಿ ಒಂದಕ್ಕೊಂದು ಸೇರಿಕೊಂಡು ಪಂಜರದ ಹಾಗೆ ಆಗುತ್ತವೆ. ಅದಕ್ಕೇ ಈ ಪ್ರಭೇದವನ್ನು ಇಲ್ಲಿನ ಜನ ಹಕ್ಕಿಪಂಜರ ಅಂತಲೂ ಕರೆಯುತ್ತಾರೆ.

ಸಂಜೆ ಅರಳುವ ಹೂವು ಅಂದ ತಕ್ಷಣ ನಮ್ಮ ಹಿತ್ತಲ ಸಂಜೆಮಲ್ಲಿಗೆ ನೆನಪಾಗಬಹುದು. ಅದು ಬೇರೆ ಕುಟುಂಬ. ಈನೊಥೆರಾದ ನಿಜವಾದ ನೆಂಟ ನಮ್ಮ ಗದ್ದೆ ಬದಿಯಲ್ಲೇ ಇದೆ. ಕೆರೆಯಂಚಿನ ಕೆಸರಿನಲ್ಲಿ ನಾಲ್ಕು ಹಳದಿ ಎಸಳಿನ ಹೂ ಬಿಡುವ ಲುಡ್ವಿಜಿಯಾ ನೋಡಿರುತ್ತೀರಿ, ಹೆಸರು ಗೊತ್ತಿಲ್ಲದಿದ್ದರೂ. ಒಂದೇ ಕುಟುಂಬ. ಒಂದಕ್ಕೆ ಕಾಲು ನೀರಿನಲ್ಲಿರಬೇಕು, ಇನ್ನೊಂದಕ್ಕೆ ಸಡಿಲ ಮರಳಿನಲ್ಲಿ.

ಆ ಮರಳು ಯಾವುದು ಅನ್ನುವುದೇ ಈ ಕಥೆ.

ಸ್ಯಾನ್ ಫ್ರಾನ್ಸಿಸ್ಕೋದಿಂದ ಪೂರ್ವಕ್ಕೆ ಸುಮಾರು 40 ಮೈಲಿ ಹೋದರೆ ಆಂಟಿಯಾಕ್ ಊರು. ಸ್ಯಾನ್ ವಾಕೀನ್ ನದಿಯ ದಕ್ಷಿಣ ದಡ. ಹಿಮಯುಗದಲ್ಲಿ ಸಿಯೆರಾ ನೆವಾಡಾ ಬೆಟ್ಟಗಳನ್ನು ಹಿಮನದಿಗಳು ಅರೆದವು. ಆ ಪುಡಿಯನ್ನು ನದಿಗಳು ಕೆಳಗೆ ತಂದವು. ಗಾಳಿ ಎತ್ತಿ ದಡದ ಮೇಲೆ ಗುಡ್ಡೆ ಹಾಕಿತು. ಹೀಗೆ ಬೆಳೆದ ಮರಳುಗುಡ್ಡಗಳು ಒಂದು ಕಾಲದಲ್ಲಿ ನದಿಯುದ್ದಕ್ಕೂ ಎರಡು ಮೈಲಿಯಷ್ಟು ಇದ್ದವು, 100 ಅಡಿಗೂ ಜಾಸ್ತಿ ಎತ್ತರ. ಹತ್ತಿರದಲ್ಲೆಲ್ಲೂ ಮರುಭೂಮಿ ಇಲ್ಲ. ಈನೊಥೆರಾ ಡೆಲ್ಟಾಯ್ಡಿಸ್‌ನ ಇತರ ಬಳಗ ಹೆಚ್ಚಾಗಿ ಇರುವುದು ದೂರ ದಕ್ಷಿಣದ ಮೊಹಾವಿ, ಸೊನೋರಾ ಮರುಭೂಮಿಗಳ ಕಡೆ. ಇಲ್ಲಿ ಮಾತ್ರ ಒಂದು ತುಂಡು ಮರಳು, ಅದರ ಮೇಲೆ ಒಂಟಿಯಾಗಿ ಉಳಿದುಕೊಂಡ ಒಂದು ಗುಂಪು. ಹೀಗೆ ಬೇರೆಯಾಗಿ ಬೆಳೆದು ಬೆಳೆದು ಅದು ತನ್ನದೇ ದಾರಿ ಹಿಡಿಯಿತು. ಮರುಭೂಮಿಯ ಗಿಡಗಳು ಹೆಚ್ಚಾಗಿ ಒಂದೇ ವರ್ಷ ಬದುಕಿ ಬೀಜ ಉದುರಿಸಿ ಸಾಯುತ್ತವೆ. ಆಂಟಿಯಾಕ್‌ನದು ಕೆಲವು ವರ್ಷ ಬದುಕುತ್ತದೆ.

ಈ ಒಂದು ವ್ಯತ್ಯಾಸವನ್ನೇ ಹಾಳೆಯ ಮೇಲೆ ಹುಡುಕಿ ನೋಡಿ. ಬಹಳ ಸಲ ಸಿಗುವುದಿಲ್ಲ. ಗಿಡ ಎಷ್ಟು ವರ್ಷದ್ದು ಅಂತ ಗೊತ್ತಾಗುವುದು ಬುಡದಲ್ಲಿ, ಬೇರಿನಲ್ಲಿ. ಕೀಳುವವರ ಕಣ್ಣು ಇರುವುದು ಹೂವಿನ ಮೇಲೆ. ತುದಿಯ ಒಂದು ಕವಲು ಕತ್ತರಿಸಿ, ಕಾಗದದ ನಡುವೆ ಒತ್ತಿ, ಮುಂದೆ ಹೋಗುತ್ತಾರೆ. ಸತ್ತ ಗಿಡದ ಪಂಜರವಂತೂ ಹಾಳೆಗೆ ಒಗ್ಗುವ ಆಕಾರವೇ ಅಲ್ಲ, ಒತ್ತಿದರೆ ಪುಡಿಯಾಗುತ್ತದೆ. ಬಣ್ಣವೂ ನಿಲ್ಲುವುದಿಲ್ಲ. ಅದಕ್ಕೇ ಅನುಭವಸ್ಥರು ಲೇಬಲ್ ಮೇಲೆ ಎಸಳಿನ ಬಣ್ಣವನ್ನು ತಪ್ಪದೆ ಬರೆಯುತ್ತಾರೆ. ಒಳ್ಳೆಯ ಲೇಬಲ್ ಬರೆಯುವುದು ಗಿಡ ಕೀಳುವುದಕ್ಕಿಂತ ಕಷ್ಟದ ಕೆಲಸ ಅಂತ ನನಗೆ ದಿನೇ ದಿನೇ ಅನ್ನಿಸುತ್ತಿದೆ.

ಹಳೆಯ ಲೇಬಲ್‌ಗಳು ತುಂಬ ಜಿಪುಣ. ಹತ್ತಿರದ ಊರಿನ ಹೆಸರು, ಒಂದು ದಿಕ್ಕು, ಮರಳು ಅನ್ನುವ ಮಾತು. ಅಷ್ಟೇ. ಈಗಿನವರು ಅದನ್ನು ಓದಿ ನಕ್ಷೆಯ ಮೇಲೆ ಚುಕ್ಕಿ ಇಡಬೇಕು. ಬರೀ ಊರಿನ ಹೆಸರಿದ್ದರೆ ಚುಕ್ಕಿ ಊರಿನ ನಡುಮಧ್ಯಕ್ಕೆ ಹೋಗಿ ಬೀಳುತ್ತದೆ, ಸುತ್ತ ಇಷ್ಟು ಕಿಲೋಮೀಟರ್ ಆಚೀಚೆ ಇರಬಹುದು ಅನ್ನುವ ಒಂದು ವೃತ್ತದ ಜೊತೆ. ಚುಕ್ಕಿಯನ್ನು ದೊಡ್ಡದು ಮಾಡಿ ನೋಡಿದರೆ ಅಲ್ಲೊಂದು ಅಂಗಡಿಯ ಪಾರ್ಕಿಂಗ್ ಜಾಗ ಕಾಣಿಸಬಹುದು, ನದಿಯ ನೀರೇ ಕಾಣಿಸಬಹುದು. ವೃತ್ತವನ್ನು ಯಾರೂ ನೋಡುವುದಿಲ್ಲ. ಎಲ್ಲರೂ ನೋಡುವುದು ಚುಕ್ಕಿಯನ್ನು.

ಈ ಪ್ರಭೇದದ ಮೊದಲ ಹಾಳೆಗಳ ಕಥೆಯೂ ಸೊಗಸಾಗಿದೆ. ಜಾನ್ ಫ್ರೆಮಾಂಟ್ ಅನ್ನುವ ಸೇನಾಧಿಕಾರಿ 1843–44ರಲ್ಲಿ ಅಮೆರಿಕದ ಪಶ್ಚಿಮವನ್ನೆಲ್ಲ ಸುತ್ತಿದ. ದಾರಿಯಲ್ಲಿ ಸಿಕ್ಕ ಗಿಡಗಳನ್ನು ಒತ್ತಿ ಒಣಗಿಸಿ ಕಟ್ಟು ಕಟ್ಟಿ ಹೇಸರಗತ್ತೆಗಳ ಮೇಲೆ ಹೇರಿಕೊಂಡು ಹೋಗುತ್ತಿದ್ದ. ಸಿಯೆರಾ ದಾಟುವಾಗ ಗಿಡಗಳ ಹೊರೆ ಹೊತ್ತ ಒಂದು ಹೇಸರಗತ್ತೆ ಪ್ರಪಾತಕ್ಕೆ ಬಿತ್ತು. ಉಳಿದದ್ದರಲ್ಲಿ ಒಂದಷ್ಟು ಕ್ಯಾನ್ಸಸ್ ನದಿಯ ಪ್ರವಾಹದಲ್ಲಿ ನೆನೆದು ಹಾಳಾಯಿತು. ಇಷ್ಟೆಲ್ಲ ಆಗಿ ಉಳಿದುಕೊಂಡ ಗಿಡಗಳನ್ನು ಸಸ್ಯವಿಜ್ಞಾನಿ ಜಾನ್ ಟಾರಿ ಕುಳಿತು ಬಿಡಿಸಿದರು. 1845ರಲ್ಲಿ ಅಚ್ಚಾದ ವರದಿಯಲ್ಲಿ ಈನೊಥೆರಾ ಡೆಲ್ಟಾಯ್ಡಿಸ್ ಅನ್ನುವ ಹೆಸರು, ಟಾರಿ ಮತ್ತು ಫ್ರೆಮಾಂಟ್ ಇಬ್ಬರ ಹೆಸರಿನ ಜೊತೆ, ಮೊದಲ ಸಲ ಬಂತು. ಪ್ರಪಾತಕ್ಕೆ ಬಿದ್ದ ಹೊರೆಯಲ್ಲಿ ಏನೇನಿತ್ತೋ.

ಅಲ್ಲಿಂದ ಆಂಟಿಯಾಕ್ ಗಿಡಕ್ಕೆ ತನ್ನದೇ ಹೆಸರು ಬರಲು ನೂರು ವರ್ಷಕ್ಕೂ ಮೇಲೆ ಹಿಡಿಯಿತು. ಆ ನೂರು ವರ್ಷದ ನಡುವೆ 1906 ಬರುತ್ತದೆ. ಈ ವರ್ಷದ ಬಗ್ಗೆ ನಾನು ಸ್ವಲ್ಪ ಜಾಸ್ತಿಯೇ ಬರೆಯಬೇಕು.

ಆ ವರ್ಷ ಏಪ್ರಿಲ್ 18ರ ಬೆಳಗಿನ ಜಾವ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಭೂಕಂಪ ಆಯಿತು. ಭೂಕಂಪಕ್ಕಿಂತ ಅದರ ಹಿಂದೆ ಎದ್ದ ಬೆಂಕಿಯೇ ಊರನ್ನು ಹೆಚ್ಚು ತಿಂದಿತು. ಮಾರ್ಕೆಟ್ ಸ್ಟ್ರೀಟ್‌ನಲ್ಲಿ ಕ್ಯಾಲಿಫೋರ್ನಿಯಾ ಅಕಾಡೆಮಿ ಆಫ್ ಸೈನ್ಸಸ್‌ನ ಕಟ್ಟಡ ಇತ್ತು. ಅದರ ಆರನೆಯ ಮಹಡಿಯಲ್ಲಿ ಹರ್ಬೇರಿಯಂ. ನೋಡಿಕೊಳ್ಳುತ್ತಿದ್ದವರು ಆಲಿಸ್ ಈಸ್ಟ್‌ವುಡ್. ಕಾಲೇಜು ಓದಿರಲಿಲ್ಲ. ಡೆನ್ವರ್‌ನಲ್ಲಿ ಶಾಲೆಯ ಟೀಚರ್ ಆಗಿದ್ದುಕೊಂಡೇ ಬೆಟ್ಟ ಹತ್ತಿ ಹತ್ತಿ ಗಿಡ ಕಲಿತ ಹೆಂಗಸು. ಬೆಳಗ್ಗೆ ಅವರು ಅಲ್ಲಿಗೆ ಬಂದಾಗ ಮೆಟ್ಟಿಲು ಮುರಿದು ಬಿದ್ದಿತ್ತು. ಪಕ್ಕದ ಕಟ್ಟಡದ ಕಡೆಯಿಂದ ಬೆಂಕಿ ಬರುತ್ತಿತ್ತು. ಈಸ್ಟ್‌ವುಡ್ ಮತ್ತು ಅವರ ಸ್ನೇಹಿತ ರಾಬರ್ಟ್ ಪೋರ್ಟರ್ ಮೆಟ್ಟಿಲ ಕಬ್ಬಿಣದ ಕಟಕಟೆಯನ್ನು ಹಿಡಿದು, ಅದರ ಸರಳುಗಳ ಸಂದಿಗೆ ಕಾಲಿಟ್ಟು, ಆರನೆಯ ಮಹಡಿಯವರೆಗೆ ಹತ್ತಿದರು.

ಹತ್ತಿ ಏನು ಮಾಡಿದರು ಅನ್ನುವುದಕ್ಕಿಂತ ಅದು ಹೇಗೆ ಸಾಧ್ಯವಾಯಿತು ಅನ್ನುವುದು ನನಗೆ ಇನ್ನೂ ಇಷ್ಟ. ಒಂದು ಪ್ರಭೇದಕ್ಕೆ ಮೊದಲು ಹೆಸರಿಡುವಾಗ ಯಾವ ಹಾಳೆಯನ್ನು ಆಧಾರವಾಗಿ ಇಟ್ಟುಕೊಳ್ಳುತ್ತಾರೋ ಅದನ್ನು ಟೈಪ್ ಅನ್ನುತ್ತಾರೆ. ಮುಂದೆ ಜಗಳ ಬಂದರೆ ಅದೇ ಸಾಕ್ಷಿ. ಉಳಿದ ಹಾಳೆ ಸುಟ್ಟರೆ ಮತ್ತೆ ಹೋಗಿ ಕೀಳಬಹುದು, ಟೈಪ್ ಸುಟ್ಟರೆ ಸುಟ್ಟ ಹಾಗೇ. ಆ ಕಾಲದ ರೂಢಿ ಅಂದರೆ ಟೈಪ್‌ಗಳನ್ನೂ ಉಳಿದ ಹಾಳೆಗಳ ಜೊತೆ ಆಯಾ ಕುಟುಂಬದ ಕಪಾಟಿನಲ್ಲೇ ಇಡುವುದು. ಈಸ್ಟ್‌ವುಡ್ ಮೊದಲೇ ಆ ರೂಢಿ ಮುರಿದು ಟೈಪ್‌ಗಳನ್ನು ಬೇರೆಯಾಗಿ ಒಂದೇ ಕಡೆ ಇಟ್ಟಿದ್ದರು. ಅವತ್ತು ಹುಡುಕುವ ಕೆಲಸವೇ ಇರಲಿಲ್ಲ. ಕಟ್ಟು ಕಟ್ಟಿ, ಹಗ್ಗದಲ್ಲಿ ಕೆಳಗಿಳಿಸಿದರು. ಸುಮಾರು 1,500 ಹಾಳೆಗಳು ಉಳಿದವು. ಅವರ ಸ್ವಂತದ್ದೆಲ್ಲ ಹೋಯಿತು. ಸ್ವಂತದ್ದಾಗಿ ಉಳಿಸಿಕೊಂಡದ್ದು ಒಂದು ಮಸೂರ ಮಾತ್ರ. ಅದಿಲ್ಲದೆ ತನಗೆ ಕೈಕಾಲೇ ಆಡುವುದಿಲ್ಲ ಅನ್ನುವ ಅರ್ಥದಲ್ಲಿ ಆಮೇಲೆ ಅವರೇ ಬರೆದರು. ಸುಟ್ಟುಹೋದ ತನ್ನ ಕೆಲಸಕ್ಕೆ ಅಳುವುದಿಲ್ಲ, ಮಾಡುವಾಗ ಸಂತೋಷವಾಗಿತ್ತು, ಮತ್ತೆ ಶುರುಮಾಡಿದರೆ ಮತ್ತೆ ಅದೇ ಸಂತೋಷ ಅಂತಲೂ ಬರೆದರು. ಬರೆದ ಹಾಗೇ ಮಾಡಿದರು. 1949ರಲ್ಲಿ, ತೊಂಬತ್ತರ ವಯಸ್ಸಿಗೆ ನಿವೃತ್ತರಾಗುವ ಹೊತ್ತಿಗೆ ಅಕಾಡೆಮಿಯ ಹರ್ಬೇರಿಯಂ ಮತ್ತೆ ಮೂರು ಲಕ್ಷ ಹಾಳೆ ದಾಟಿತ್ತು.

ಇದು ಎಲ್ಲರೂ ಹೇಳುವ ಕಥೆ, ಹೇಳಬೇಕಾದ ಕಥೆಯೇ. ಆದರೆ ಅದೇ ಭೂಕಂಪದ ಇನ್ನೊಂದು ತುದಿ 40 ಮೈಲಿ ಆಚೆ ಆಂಟಿಯಾಕ್‌ನಲ್ಲಿದೆ. ಸುಟ್ಟ ಊರನ್ನು ಮತ್ತೆ ಕಟ್ಟಬೇಕಿತ್ತು. ಇಟ್ಟಿಗೆ ಬೇಕಿತ್ತು. ಆಂಟಿಯಾಕ್‌ನ ಮರಳು ಇಟ್ಟಿಗೆಗೆ ಒಳ್ಳೆಯದು. ನದಿ ಪಕ್ಕದಲ್ಲೇ, ದೋಣಿಗೆ ಹಾಕಿದರೆ ಆಯಿತು. ಮರಳು ತೆಗೆಯುವುದು ಅದಕ್ಕೂ ಮೊದಲೇ ಶುರುವಾಗಿತ್ತು, ಈಗ ಜೋರಾಯಿತು. ಗುಡ್ಡಗಳು ತಗ್ಗಿದವು. ದಶಕಗಳ ಕಾಲ ತೆಗೆಯುತ್ತಲೇ ಹೋದರು. ಕಾವೇರಿ, ತುಂಗಭದ್ರೆ, ನೇತ್ರಾವತಿ ದಂಡೆಯಲ್ಲಿ ಬೆಳೆದವರಿಗೆ ನಾನು ಮರಳು ಲಾರಿಗಳ ಬಗ್ಗೆ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಊರು ಎದ್ದು ನಿಂತಿತು. ಆ ಊರಿನ ಹರ್ಬೇರಿಯಂ ಕೂಡ ಎದ್ದು ನಿಂತಿತು. ಆ ಊರಿಗೆ ಇಟ್ಟಿಗೆ ಕೊಟ್ಟ ಗುಡ್ಡದ ಮೇಲಿನ ಹೂವಿಗೆ ಇನ್ನೂ ಹೆಸರೇ ಬಂದಿರಲಿಲ್ಲ.

ಹೆಸರು ಬಂದದ್ದು 1949ರಲ್ಲಿ, ಈಸ್ಟ್‌ವುಡ್ ನಿವೃತ್ತರಾದ ವರ್ಷವೇ. ಕ್ಯಾಲಿಫೋರ್ನಿಯಾದ ಕ್ಲೇರ್‌ಮಾಂಟ್‌ನ ಸಸ್ಯವಿಜ್ಞಾನಿ ಫಿಲಿಪ್ ಮುಂಜ್ ಆಂಟಿಯಾಕ್ ಗಿಡ ಬೇರೆಯೇ ಅಂತ ಗುರುತಿಸಿ ಹೊವೆಲಿಯೈ ಅಂತ ಕರೆದರು. 1962ರಲ್ಲಿ ವಿಲಿಯಂ ಕ್ಲೈನ್ ಅದನ್ನು ಉಪಪ್ರಭೇದದ ಮಟ್ಟಕ್ಕೆ ಏರಿಸಿದರು. ಹೊವೆಲ್ ಅಂದರೆ ಜಾನ್ ಥಾಮಸ್ ಹೊವೆಲ್. ಈಸ್ಟ್‌ವುಡ್‌ರ ಸಹಾಯಕರಾಗಿ ಬಂದು ಅವರ ಜಾಗಕ್ಕೇ ಬಂದವರು. ಇಬ್ಬರೂ ಸೇರಿ ಸ್ವಂತ ದುಡ್ಡು ಹಾಕಿ ಒಂದು ಸಸ್ಯಪತ್ರಿಕೆ ನಡೆಸುತ್ತಿದ್ದರು. ಅಕಾಡೆಮಿಯ ಮಕ್ಕಳ ವಿಭಾಗಕ್ಕೆ ಎಂಟನೆಯ ವಯಸ್ಸಿನಿಂದ ಬರುತ್ತಿದ್ದ ಒಬ್ಬ ಹುಡುಗನನ್ನು ಹೊವೆಲ್ ಕೈಹಿಡಿದು ಗಿಡ ತೋರಿಸುತ್ತ ಬೆಳೆಸಿದರು. ಆ ಹುಡುಗ ಪೀಟರ್ ರೇವನ್. ಮುಂದೆ ಮಿಸೌರಿ ಸಸ್ಯೋದ್ಯಾನದ ಮುಖ್ಯಸ್ಥರಾದರು. ಈವನಿಂಗ್ ಪ್ರಿಮ್‌ರೋಸ್ ಕುಟುಂಬದ ಬಗ್ಗೆ ಜಗತ್ತಿನಲ್ಲೇ ದೊಡ್ಡ ತಜ್ಞರಾದರು. ಏಷ್ಯಾ, ಆಫ್ರಿಕಾದ ಲುಡ್ವಿಜಿಯಾಗಳನ್ನೆಲ್ಲ 1960ರ ದಶಕದ ಶುರುವಿನಲ್ಲಿ ಒಟ್ಟಿಗೆ ಕೂರಿಸಿ ಲೆಕ್ಕ ಹಾಕಿದವರೂ ಅವರೇ. ನಮ್ಮ ಗದ್ದೆ ಬದಿಯ ಹಳದಿ ಹೂವಿನ ಲೆಕ್ಕವೂ ಅದರೊಳಗೆ ಬರುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಒಂದು ಹರ್ಬೇರಿಯಂ ಇದೆ ಅನ್ನುವುದು ಆ ಊರಿನಲ್ಲೇ ಹುಟ್ಟಿ ಬೆಳೆದ ಎಷ್ಟೋ ಜನರಿಗೆ ಗೊತ್ತಿಲ್ಲ. ಸಸ್ಯವಿಜ್ಞಾನಿ ಸೆಸಿಲ್ ಸಲ್ಡಾನಾ ಅವರು ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಡಾನ್ ನಿಕಲ್ಸನ್ ಜೊತೆ ಸೇರಿ 1976ರಲ್ಲಿ ತಂದ ಹಾಸನ ಜಿಲ್ಲೆಯ ಸಸ್ಯಗಳ ಪುಸ್ತಕ ಇಂಥ ಹಾಳೆಗಳ ಮೇಲೆಯೇ ನಿಂತಿದೆ. ಯಾರಾದರೂ ಅದರ ಬಗ್ಗೆ ಒಂದು ದೊಡ್ಡ ಬರಹ ಬರೆಯಬೇಕು. ನಾನಿಲ್ಲಿ ಸುಮ್ನೆ ಹೆಸರು ಹೇಳಿ ಮುಂದೆ ಹೋಗುತ್ತೇನೆ.

ಹೊಸ ಹೆಸರು ಬಂದಾಗ ಹಳೆಯ ಹಾಳೆಗೆ ಏನಾಗುತ್ತದೆ? ಮೂಲ ಲೇಬಲ್ಲನ್ನು ಕಿತ್ತು ಹಾಕುವುದಿಲ್ಲ. ಪಕ್ಕದಲ್ಲಿ ಒಂದು ಸಣ್ಣ ಚೀಟಿ ಅಂಟಿಸುತ್ತಾರೆ, ಹೊಸ ಹೆಸರು, ನೋಡಿದವರ ಹೆಸರು, ವರ್ಷ. ಹತ್ತು ವರ್ಷ ಬಿಟ್ಟು ಇನ್ನೊಬ್ಬರು ಬಂದು ಇನ್ನೊಂದು ಚೀಟಿ. ಒಂದು ಹಾಳೆಯ ಮೇಲೆ ಮೂರು ನಾಲ್ಕು ತಲೆಮಾರಿನ ಅಭಿಪ್ರಾಯ ಒಂದರ ಪಕ್ಕ ಒಂದು ಕೂತಿರುತ್ತದೆ. ಹಳೆಯವರ ಅಭಿಪ್ರಾಯ ಅಳಿಸದೆ ಇರುವುದು ನನಗೆ ತುಂಬ ಹಿಡಿಸಿದ ಪದ್ಧತಿ. ನಮ್ಮ ಸಾಫ್ಟ್‌ವೇರ್‌ನಲ್ಲೂ ಯಾವ ಬದಲಾವಣೆ ಯಾರು ಮಾಡಿದರು ಅಂತ ಇಡುತ್ತೇವೆ. ಆದರೆ ಯಾರೂ ಅದನ್ನು ಪ್ರೀತಿಯಿಂದ ಓದುವುದಿಲ್ಲ, ಬೈಯಲು ಓದುತ್ತಾರೆ.

ಹಾಳೆಯ ಮೇಲೆ ಅತಿಯಾದ ಭಾರ ಹೇರಿದ ಪ್ರಸಂಗವೂ ಈನೊಥೆರಾ ಕುಲದಲ್ಲೇ ಇದೆ. 1886ರಲ್ಲಿ ಹಾಲೆಂಡಿನ ಹಿಲ್ವರ್ಸಮ್ ಹತ್ತಿರ ಪಾಳುಬಿದ್ದ ಆಲೂಗಡ್ಡೆ ಹೊಲದಲ್ಲಿ ಸಸ್ಯವಿಜ್ಞಾನಿ ಹ್ಯೂಗೊ ಡಿ ವ್ರೀಸ್ ಒಂದು ಹಳದಿ ಈವನಿಂಗ್ ಪ್ರಿಮ್‌ರೋಸ್ ನೋಡಿದರು. ಅದರ ಸಸಿಗಳಲ್ಲಿ ಇದ್ದಕ್ಕಿದ್ದಂತೆ ಹೊಸ ರೂಪಗಳು ಬರುತ್ತಿದ್ದವು. ಹೊಸ ಪ್ರಭೇದ ಹುಟ್ಟುವುದೇ ಹೀಗೆ ಅಂತ ಹೇಳಿ ಅವರು ಮ್ಯುಟೇಶನ್ ಸಿದ್ಧಾಂತ ಕಟ್ಟಿದರು. ಗಿಡದ ಹೆಸರು ಈನೊಥೆರಾ ಲಾಮಾರ್ಕಿಯಾನ. ಸಿದ್ಧಾಂತ ನಿಲ್ಲಬೇಕಾದರೆ ಅದು ಎಲ್ಲೋ ಕಾಡಿನಲ್ಲಿ ಸಹಜವಾಗಿ ಬೆಳೆಯುವ ಶುದ್ಧ ಪ್ರಭೇದ ಆಗಿರಬೇಕಿತ್ತು. ಅಮೆರಿಕದ ಬ್ರಾಡ್ಲಿ ಡೇವಿಸ್ ಅದು ಮಿಶ್ರತಳಿ ಅಂದರು. ಪ್ಯಾರಿಸ್‌ನಲ್ಲಿದ್ದ, ಫ್ರೆಂಚ್ ವಿಜ್ಞಾನಿ ಲಾಮಾರ್ಕ್ ಕಾಲದ ಹಾಳೆ ನಿಜಕ್ಕೂ ಇದೇ ಗಿಡದ್ದೋ ಅಲ್ಲವೋ ಅನ್ನುವ ಬಗ್ಗೆ 1912ರ ಸುಮಾರಿನಲ್ಲಿ ದೊಡ್ಡ ವಾದ ನಡೆಯಿತು. ಡಿ ವ್ರೀಸ್ ಅದೇ ವರ್ಷ ಅಲಬಾಮದವರೆಗೆ ಹೋಗಿ ಬಂದರು. 1914ರಲ್ಲಿ, ಮಿಶೋ ಎಂಬ ಹಳೆಯ ಪ್ರವಾಸಿಯ ಸಂಗ್ರಹದಲ್ಲಿದ್ದ ಹಾಳೆಯೊಂದನ್ನು ತೋರಿಸಿ, ನೋಡಿ ಇದು ಅಮೆರಿಕದ ಕಾಡಿನಿಂದಲೇ ಬಂದದ್ದು ಅಂದರು. ಒಪ್ಪದವರು ಒಪ್ಪಲಿಲ್ಲ. ಈಗಿನ ತಿಳಿವಳಿಕೆ ಪ್ರಕಾರ ಅದು ಯುರೋಪಿನ ತೋಟಗಳ ಆಸುಪಾಸಿನಲ್ಲಿ ಎರಡು ಪ್ರಭೇದ ಬೆರೆತು ಹುಟ್ಟಿದ ಗಿಡ. ಅದಕ್ಕೆ ಕಾಡಿನ ಮನೆಯೇ ಇಲ್ಲ. ಮನೆ ಇಲ್ಲದ ಅದು ಈಗ ಹಲವು ದೇಶಗಳ ರಸ್ತೆಬದಿಯಲ್ಲಿದೆ. ಉತ್ತರ ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ವುಲ್ಫಿಯೈ ಎನ್ನುವ ಅಪರೂಪದ ಕಾಡು ಈನೊಥೆರಾದ ಜೊತೆ ಬೆರೆತು ಅದಕ್ಕೂ ಕಂಟಕವಾಗಿದೆ. ಒಂದೇ ಒಂದು ಮನೆ ಇರುವ ಆಂಟಿಯಾಕ್ ಗಿಡ ಮಾತ್ರ ಆ ಮನೆ ಬಿಟ್ಟು ಹೋಗಲಾರದೆ ಕೂತಿದೆ.

ನನಗೆ ಹರ್ಬೇರಿಯಂ ದಾಖಲೆಗಳ ಬಗ್ಗೆ ಇರುವ ದೊಡ್ಡ ತಕರಾರು ಇಲ್ಲೇ. ಸಿಕ್ಕದ್ದಕ್ಕೆ ಹಾಳೆ ಇದೆ. ಸಿಗದ್ದಕ್ಕೆ ಹಾಳೆ ಇಲ್ಲ. ಒಬ್ಬರು ಗುಡ್ಡಕ್ಕೆ ಹೋದರು, ಹೂವಿತ್ತು, ಕಿತ್ತರು, ದಾಖಲೆ ಆಯಿತು. ಇನ್ನೊಬ್ಬರು ಇಪ್ಪತ್ತು ವರ್ಷದ ನಂತರ ಹೋದರು, ಗುಡ್ಡವೇ ಇರಲಿಲ್ಲ, ಬರಿಗೈಲಿ ಬಂದರು. ಅದಕ್ಕೆ ಯಾರೂ ಹಾಳೆ ಮಾಡುವುದಿಲ್ಲ. ನಕ್ಷೆಯ ಮೇಲೆ ಹಳೆಯ ಚುಕ್ಕಿ ಹೊಸ ಚುಕ್ಕಿಯ ಪಕ್ಕದಲ್ಲೇ ಅದೇ ಬಣ್ಣದಲ್ಲಿ ಕೂತಿರುತ್ತದೆ. ಚುಕ್ಕಿಗಳು ಎಲ್ಲಿ ಜಾಸ್ತಿ ಅಂತ ನೋಡಿದರೆ ಕಾರು ಹೋಗುವ ಜಾಗ, ಕಾಲೇಜಿಗೆ ಹತ್ತಿರದ ಜಾಗ. ಗಿಡ ಎಲ್ಲಿತ್ತು ಅನ್ನುವುದಕ್ಕಿಂತ ಜನ ಎಲ್ಲಿ ಓಡಾಡಿದರು ಅನ್ನುವುದು ಅದರಲ್ಲಿ ಹೆಚ್ಚು ಕಾಣಿಸುತ್ತದೆ.

ಹೀಗೆ ಮೌನವಾಗಿ ಹೋದದ್ದಕ್ಕೆ ಆಂಟಿಯಾಕ್‌ನಲ್ಲೇ ಇನ್ನೊಂದು ಉದಾಹರಣೆ ಇದೆ, ಗಿಡವಲ್ಲ, ಕೀಟ. ಮಿಡತೆ ಜಾತಿಯ ಒಂದು ಹುಳ. ಇಲ್ಲಿ ಹಿಡಿದ ಮಾದರಿ ಮ್ಯೂಸಿಯಂ ಪೆಟ್ಟಿಗೆಯಲ್ಲಿ ಹೆಸರಿಲ್ಲದೆ ಕೂತಿತ್ತು. ಕೊನೆಯದಾಗಿ ಸಿಕ್ಕಿದ್ದು 1937ರಲ್ಲಿ. ದಶಕಗಳ ನಂತರ ತಜ್ಞರೊಬ್ಬರು ಪೆಟ್ಟಿಗೆ ತೆರೆದು ನೋಡಿ, ಇದು ಹೊಸ ಪ್ರಭೇದ ಅಂತ ಗುರುತಿಸಿ, ಗುಡ್ಡಕ್ಕೆ ಹೋಗಿ ಹುಡುಕಿದರು. ಇರಲಿಲ್ಲ. 1977ರಲ್ಲಿ ಡೇವಿಡ್ ರೆಂಟ್ಜ್ ಅದಕ್ಕೆ ನೆಡುಬಾ ಎಕ್ಸ್‌ಟಿಂಕ್ಟಾ ಅಂತ ಹೆಸರಿಟ್ಟರು. ನಾಮಕರಣದ ಚೀಟಿಯೇ ಮರಣಪತ್ರ.

ಅಷ್ಟರಲ್ಲಿ ಸರ್ಕಾರ ಸ್ವಲ್ಪ ಎಚ್ಚೆತ್ತಿತ್ತು. ಇಲ್ಲಿನ ಲ್ಯಾಂಗೆಸ್ ಮೆಟಲ್‌ಮಾರ್ಕ್ ಚಿಟ್ಟೆ 1976ರಲ್ಲಿ, ನಮ್ಮ ಈನೊಥೆರಾ ಮತ್ತು ಕಾಂಟ್ರಾ ಕೋಸ್ಟಾ ವಾಲ್‌ಫ್ಲವರ್ ಅನ್ನುವ ಇನ್ನೊಂದು ಗಿಡ 1978ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿದವು. 1980ರಲ್ಲಿ ಉಳಿದಿದ್ದ ಮರಳಿನಲ್ಲಿ 55 ಎಕರೆಯನ್ನು ಕೊಂಡು ವನ್ಯಜೀವಿ ಧಾಮ ಮಾಡಿದರು. ಅಳಿವಿನಂಚಿನ ಗಿಡ ಮತ್ತು ಕೀಟಗಳಿಗೆ ಅಂತಲೇ ಅಮೆರಿಕ ಮಾಡಿದ ಮೊದಲ ರಾಷ್ಟ್ರೀಯ ಧಾಮ ಅದು. ಹುಲಿ ಇಲ್ಲ, ಆನೆ ಇಲ್ಲ. ಎರಡು ಗಿಡ, ಒಂದು ಚಿಟ್ಟೆ.

ಜನ ತುಳಿದು ಹಾಳುಮಾಡುತ್ತಾರೆ, ಬೆಂಕಿ ಬೀಳುತ್ತದೆ ಅಂತ ಸಾರ್ವಜನಿಕರಿಗೆ ಮುಚ್ಚಿದ್ದಾರೆ. ಗೈಡ್ ಜೊತೆ ಗುಂಪಿನಲ್ಲಿ ಮಾತ್ರ ಹೋಗಬಹುದು. ನಾನೂ ಒಮ್ಮೆ ವಸಂತದಲ್ಲಿ ಹೋಗಿದ್ದೆ. ಧಾಮ ಅನ್ನುವ ಮಾತು ಕೇಳಿ ಕಲ್ಪಿಸಿಕೊಂಡು ಹೋದರೆ ನಿರಾಸೆಯಾಗುತ್ತದೆ. ಜಾಗ ಎರಡು ತುಂಡು, ನಡುವೆ ಜಿಪ್ಸಮ್ ಬೋರ್ಡ್ ಮಾಡುವ ಕಾರ್ಖಾನೆ. ಮೇಲೆ ವಿದ್ಯುತ್ ಗೋಪುರಗಳು. ಗುಂಪು ಸೇರಿದ್ದು ಬೆಳಗ್ಗೆ. ಸಂಜೆಯ ಹೂವನ್ನು ಬೆಳಗ್ಗೆ ನೋಡಲು ಹೋಗುವುದು ಮದುವೆ ಮುಗಿದ ಮರುದಿನ ಚಪ್ಪರ ನೋಡಲು ಹೋದ ಹಾಗೆ. ಹಿಂದಿನ ರಾತ್ರಿಯ ಹೂಗಳು ಗುಲಾಬಿಯಾಗಿ ಜೋತುಬಿದ್ದಿದ್ದವು. ಪಕ್ಕದಲ್ಲಿ ಅವತ್ತಿನ ಮೊಗ್ಗುಗಳು ಸಂಜೆಗೆ ಕಾಯುತ್ತಿದ್ದವು. ಹರ್ಬೇರಿಯಂಗೆ ಗಿಡ ಕೀಳುವವರೂ ಹಗಲಲ್ಲೇ ತಾನೇ ಬರುವುದು.

ಸಂಜೆ ಅಲ್ಲಿ ನಡೆಯುವುದನ್ನು ನಾನು ಓದಿ ತಿಳಿದದ್ದು. ಈನೊಥೆರಾದ ಪರಾಗ ಬಿಡಿಬಿಡಿ ಪುಡಿಯಲ್ಲ. ಅಂಟಾದ ಸಣ್ಣ ಎಳೆಗಳು ಕಣಗಳನ್ನು ಒಂದಕ್ಕೊಂದು ಪೋಣಿಸಿರುತ್ತವೆ. ಸಾಮಾನ್ಯ ಜೇನ್ನೊಣದ ಕಾಲಿನ ದಟ್ಟ ರೋಮಕ್ಕೆ ಇಂಥದ್ದನ್ನು ಹೊರುವುದು ಕಷ್ಟ. ಉದ್ದ ನಾಲಗೆಯ ಹಾಕ್ ಪತಂಗಗಳು ಈ ಹೂವಿಗೆ ಹೇಳಿ ಮಾಡಿಸಿದ ಅತಿಥಿಗಳು, ಆದರೆ ಆಂಟಿಯಾಕ್‌ನಲ್ಲಿ ಅವು ಅಪರೂಪ. ಇಲ್ಲಿ ಕೆಲಸ ಮಾಡುವುದು ಒಂದು ಪುಟ್ಟ ಜೇನು. ಅದರ ಕಾಲಿನ ರೋಮ ವಿರಳ, ಪರಾಗದ ಎಳೆಗಳನ್ನು ಸಿಕ್ಕಿಸಿಕೊಳ್ಳಲು ಸರಿಯಾಗಿದೆ. ಬೆಳಕು ಇಳಿಯುವ ಹೊತ್ತಿಗೆ ಹಾರುತ್ತದೆ. ಈ ಮರಳು ಬಿಟ್ಟರೆ ಬೇರೆಲ್ಲೂ ಅದು ಸಿಕ್ಕಿಲ್ಲ. 2003ರಲ್ಲಷ್ಟೇ ಅದಕ್ಕೆ ಆಂಟಿಯಾಕ್ ಊರಿನದೇ ಹೆಸರು ಬಂತು. ಗಿಡದ ಹಾಳೆಯ ಮೇಲೆ ಆ ಜೇನಿನ ಸುಳಿವೂ ಇಲ್ಲ. ಕೀಟದ್ದು ಕೀಟದ ಪೆಟ್ಟಿಗೆಯಲ್ಲಿ, ಗಿಡದ್ದು ಗಿಡದ ಕಪಾಟಿನಲ್ಲಿ.

ಬೇಲಿ ಹಾಕಿದ ಮೇಲೆ ಹೊಸ ತೊಂದರೆ ಶುರುವಾಯಿತು. ಈ ಗಿಡಕ್ಕೆ ಬೇಕಿರುವುದು ಬರಿಯ, ಸಡಿಲ, ಗಾಳಿಗೆ ಅಲುಗಾಡುವ ಮರಳು. ಗುಡ್ಡ ತೆಗೆದುಬಿಟ್ಟ ಜಾಗದಲ್ಲಿ ಹೊರಗಿನಿಂದ ಬಂದ ಹುಲ್ಲು, ಬಳ್ಳಿಗಳು ದಟ್ಟವಾಗಿ ಹಬ್ಬಿ ಮರಳನ್ನು ಹಿಡಿದು ನಿಲ್ಲಿಸಿದವು. ನಿಂತ ಮರಳಿನಲ್ಲಿ ಬೀಜ ಏಳುವುದಿಲ್ಲ. ಕೈಯಿಂದ ಕಳೆ ಕಿತ್ತರು, ದನ ಮೇಯಿಸಿ ನೋಡಿದರು. ಕೊನೆಗೆ 2013ರಿಂದ ಬೇರೆ ದಾರಿ ಹಿಡಿದರು. ಸ್ಟಾಕ್‌ಟನ್ ಬಂದರಿಗೆ ಹಡಗು ಹೋಗಲು ನದಿಯ ತಳ ಆಗಾಗ ತೋಡಬೇಕು. ಆ ಹೂಳಿನ ಮರಳನ್ನು ಪೈಪಿನಲ್ಲಿ ತಂದು ಇಲ್ಲಿ ಸುರಿದು, ಕಳೆಯನ್ನು ಅದರಡಿ ಹೂತು, ಹೊಸ ಗುಡ್ಡ ಮಾಡತೊಡಗಿದರು. ಹೊಸ ಮರಳಿನ ಮೇಲೆ ಈನೊಥೆರಾ ಚೆನ್ನಾಗಿಯೇ ಎದ್ದಿದೆ. ಯಾವುದು ಹಳೆಯ ಮರಳು ಅಂತ ನಾನು ಗೈಡ್ ಅನ್ನು ಕೇಳಿದೆ. ಅವರು ಬೇಲಿಯ ಆಚೆ ಒಂದು ಸಣ್ಣ ದಿಬ್ಬ ತೋರಿಸಿದರು. ಮನೆ ಎತ್ತರವೂ ಇರಲಿಲ್ಲ.

ಈಗ ಇಲ್ಲಿ ಒಂದು ಕವಲು ಕೀಳಬೇಕಾದರೂ ಸರ್ಕಾರದ ಅನುಮತಿ ಬೇಕು. ಸರಿಯೇ. ಅದರಿಂದಾಗಿ ಹೊಸ ಹಾಳೆ ಕಡಿಮೆ. ಜನ ಫೋಟೋ ತೆಗೆದು ಐನ್ಯಾಚುರಲಿಸ್ಟ್ ಅನ್ನುವ ಜಾಲತಾಣಕ್ಕೆ ಹಾಕುತ್ತಾರೆ. ಅಲ್ಲಿ ಅಪರೂಪದ ಗಿಡದ ಜಾಗವನ್ನು ಬೇಕೆಂದೇ ಮಸುಕು ಮಾಡಿರುತ್ತಾರೆ, ಕದಿಯುವವರಿಗೆ ತಿಳಿಯದಿರಲಿ ಅಂತ. ಹಳೆಯ ಲೇಬಲ್ ಗೊತ್ತಿಲ್ಲದೆ ಮಸುಕು, ಹೊಸದು ಗೊತ್ತಿದ್ದೂ ಮಸುಕು.

ಮುಂದೆ ಯಾರಾದರೂ ಅನುಮತಿ ಪಡೆದು ಹಾಳೆ ಮಾಡಿದರೆ ಲೇಬಲ್ ಮೇಲೆ ಜಾಗದ ವಿವರ ಏನು ಬರೆಯಬೇಕು ಅನ್ನುವುದು ನನಗೆ ತಲೆತಿನ್ನುವ ಪ್ರಶ್ನೆ. ಆಂಟಿಯಾಕ್ ಮರಳುಗುಡ್ಡ ಅಂತ ಬರೆದರೆ ಸುಳ್ಳಲ್ಲ. ನೂರು ವರ್ಷದ ಹಿಂದಿನ ಲೇಬಲ್ ಮೇಲೂ ಅದೇ ಮಾತು ಇರುತ್ತದೆ. ಎರಡೂ ಚುಕ್ಕಿಗಳು ನಕ್ಷೆಯ ಮೇಲೆ ಒಂದರ ಮೇಲೊಂದು ಬೀಳುತ್ತವೆ, ನೋಡಿದವರಿಗೆ ಇಲ್ಲಿ ಏನೂ ಆಗೇ ಇಲ್ಲ ಅನ್ನಿಸುತ್ತದೆ. ದಾಖಲೆಗಳಲ್ಲಿ ಕಾಡಿನದು, ಬೆಳೆಸಿದ್ದು ಅಂತ ಎರಡು ಬಗೆ ಇದೆ. ಸುರಿದ ಮರಳಿನ ಮೇಲೆ ತಾನಾಗಿಯೇ ಬಂದ ಗಿಡ ಇವೆರಡರಲ್ಲಿ ಯಾವುದು? ನನ್ನ ಮತ ಕೇಳಿದರೆ ಕಾಡಿನದೇ. ಆದರೆ ಲೇಬಲ್ ಮೇಲೆ ಒಂದು ಸಾಲು ಜಾಸ್ತಿ ಬರೆಯಬೇಕು: ಮರಳು ಸ್ಟಾಕ್‌ಟನ್ ಹಡಗುಕಾಲುವೆಯದು, ಇಂಥ ವರ್ಷ ತಂದು ಸುರಿದದ್ದು, ಅಡಿಯಲ್ಲಿ ಹಳೆಯ ಮರಳುಗುಂಡಿ. ಇಡೀ ಗಿಡ, ಬೇರು ಸಮೇತ, ಹಾಳೆಯ ಮೇಲಿರಬೇಕು. ಬೇರಿಗೆ ಅಂಟಿದ ಮರಳನ್ನು ತೊಳೆಯಬಾರದು. ಒಂದು ಪುಟ್ಟ ಕಾಗದದ ಪೊಟ್ಟಣದಲ್ಲಿ ಅದನ್ನೂ ಹಾಕಿ ಪಕ್ಕದಲ್ಲಿ ಅಂಟಿಸಬೇಕು. ಬೀಜ ಉದುರಿದರೆ ಹಾಕಿಡಲು ಹಾಳೆಗಳ ಮೇಲೆ ಹೇಗೂ ಅಂಥ ಪೊಟ್ಟಣ ಇರುತ್ತದೆ.